ಹೊಲದ ಅಂಕೆ, ಕಡತದ ಬಾಲ

ಭೀಮೆಯ ದಕ್ಷಿಣದ ದಂಡೆಯಿಂದ ಕೃಷ್ಣೆಯ ಉತ್ತರದ ದಂಡೆಯವರೆಗೆ ಹಾಸಿಕೊಂಡಿರುವ ಎರೆಭೂಮಿಯಲ್ಲಿ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂಬ ನಾಲ್ಕು ತಾಲೂಕುಗಳ ಯಾವ ಹಳ್ಳಿಗೆ ಹೋದರೂ, ಒಂದೊಂದು ಹೊಲಕ್ಕೂ ಎರಡೆರಡು ಹೆಸರುಗಳಿರುವುದನ್ನು ಕಾಣಬಹುದು. ಒಂದು ಮನೆಮಂದಿ ಕರೆಯುವ ಹೆಸರು: ಬನ್ನಿಗಿಡದ ಹೊಲ, ಹಳ್ಳದ ದಂಡಿ ಹೊಲ, ಹಣಮಪ್ಪನ ಗುಡಿ ಹಿಂದಿನ ಪಟ್ಟಿ. ಇನ್ನೊಂದು ಕಚೇರಿ ಬಲ್ಲ ಹೆಸರು. ಅದು ಬರಿಯ ಅಂಕೆ, ಅಂಕೆಯ ಮುಂದೆ ಒಂದು ಓರೆಗೆರೆ, ಗೆರೆಯಾಚೆಗೆ ಮತ್ತೊಂದು ಅಂಕೆ, ಅದರ ಬಾಲಕ್ಕೆ ಒಂದು ಅಕ್ಷರ: 45/2ಅ. ಈ ಬಾಲವನ್ನು ಬಿಟ್ಟು ಬರಿಯ 45 ಎಂದು ಹೇಳಿದವನಿಗೆ ಊರ ಲೆಕ್ಕಿಗನಾದ ತಲಾಠಿಯಿಂದ ಉತಾರ, ಎಂದರೆ ಪಹಣಿಯ ಪ್ರತಿ, ಸಿಕ್ಕುತ್ತಿರಲಿಲ್ಲ, ಪ್ರಶ್ನೆ ಸಿಕ್ಕುತ್ತಿದ್ದಿತು. ಅದೇ ಉತಾರವು ಈ ಶತಮಾನದಲ್ಲಿ ಗಣಕಯಂತ್ರದೊಳಕ್ಕೆ ಹೊಕ್ಕು, ಅಂತರ್ಜಾಲದಲ್ಲಿ ತನ್ನದೇ ಒಂದು ವಿಳಾಸವನ್ನು ಪಡೆದಾಗ, ಆ ವಿಳಾಸದ ತುದಿಗೂ ಒಂದು ಬಾಲ ಹತ್ತಿಕೊಂಡು ಬಂದಿತು. ಅದು ‘ಡಾಟ್ ಎಎಸ್‌ಪಿಎಕ್ಸ್’. ಮೊದಲಿನ ಬಾಲ ಹೊಲದ ಪಾಲನ್ನು ಹೇಳುತ್ತದೆ. ಎರಡನೆಯದಕ್ಕೆ ಹೊಲದ ಗೊಡವೆಯೇ ಇಲ್ಲ. ಉತಾರವನ್ನು ತೆರೆಯ ಮೇಲೆ ಮೂಡಿಸುವ ಯಂತ್ರಸಾಧನ ಯಾವುದೆಂಬುದನ್ನಷ್ಟೇ ಅದು ಹೇಳುತ್ತದೆ. ಈ ಎರಡು ಬಾಲಗಳೂ ಎಲ್ಲಿಂದ ಬಂದವು, ಯಾವುದು ಬಾಳಿತು, ಯಾವುದು ಬಾಳಲಿಲ್ಲ ಎಂಬ ವಿಚಾರ ನಮ್ಮ ಸೀಮೆಯವರಿಗೆ ಅಪರಿಚಿತವಾಗಿ ಉಳಿಯತಕ್ಕದ್ದಲ್ಲ.

ಹೊಲಕ್ಕೆ ಅಂಕೆ ಹಾಕುವ ಈ ಪದ್ಧತಿ ಇಲ್ಲಿಗೆ ಬಂದುದು ಮುಂಬಯಿ ಸರಕಾರದ ಮೋಜಣಿಯಿಂದ. 1835ರ ಸುಮಾರಿಗೆ ಪುಣೆ ಪ್ರಾಂತದ ಇಂದಾಪುರದಲ್ಲಿ, ನಮ್ಮ ಭೀಮೆಯ ಮೇಲ್ಭಾಗದ ಸೀಮೆಯಲ್ಲಿಯೇ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಆರಂಭಿಸಿದ ಅಳತೆಯ ಕ್ರಮವು, 1847ರ ಜಂಟಿ ವರದಿಯಲ್ಲಿ ನಿಯಮರೂಪವನ್ನು ತಾಳಿ, ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಜಿಲ್ಲೆಗಳಿಗೆಲ್ಲ ವ್ಯಾಪಿಸಿತು. ಸರಪಳಿ ಹಿಡಿದು ಹೊಲವನ್ನು ಅಳೆದು, ಮೂಲೆಮೂಲೆಗೆ ಬಾಂದುಗಲ್ಲು ನೆಟ್ಟು, ಮಣ್ಣಿನ ತರಗತಿಯನ್ನು ನೋಡಿ ಆಕಾರ, ಎಂದರೆ ಕಂದಾಯದ ದರ, ಕಟ್ಟಿ, ಆ ಆಕಾರವು 30 ವರ್ಷಗಳವರೆಗೆ ಏರುವುದಿಲ್ಲವೆಂದು ಭರವಸೆ ಕೊಟ್ಟು, ಕೊನೆಗೆ ಆ ಹೊಲಕ್ಕೊಂದು ಸರ್ವೆ ನಂಬರನ್ನು ದಯಪಾಲಿಸುತ್ತಿದ್ದರು. ಕಂದಾಯ ವಸೂಲಿಯೇ ಇದರ ಮುಖ್ಯ ಪ್ರಯೋಜನವಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ; ಆದರೆ ರಾಜ್ಯ ಮಾಡುವವನ ಸ್ವಾರ್ಥದಿಂದ ಹುಟ್ಟಿದ ಲೆಕ್ಕವು ಕೆಲವು ವೇಳೆ ಒಕ್ಕಲಿಗನಿಗೇ ಆಧಾರವಾಗಿ ನಿಲ್ಲುವುದುಂಟು.

ಹೊಲ ಒಬ್ಬನ ಕೈಯಲ್ಲಿ ಇಡಿಯಾಗಿ ಉಳಿದಿದ್ದರೆ ಬಾಲದ ಅವಶ್ಯಕತೆಯೇ ಬರುತ್ತಿರಲಿಲ್ಲ. ಅಣ್ಣತಮ್ಮಂದಿರು ಪಾಲಾದಾಗ 45 ಎಂಬುದು 45/1 ಮತ್ತು 45/2 ಆಯಿತು. ಅವರ ಮಕ್ಕಳು ಬೇರೆಯಾದಾಗ 45/2ಅ ಮತ್ತು 45/2ಬ ಆಯಿತು. ಇಲ್ಲಿ ಅ ಆದ ಮೇಲೆ ಆ ಬರದೆ ಬ ಬರುವುದನ್ನು ಮೈಸೂರು ಕಡೆಯವರು ಕಂಡು ಬೆರಗಾಗುತ್ತಾರೆ. ಅದು ಮರಾಠಿ ದಫ್ತರದ ‘ಅ ಬ ಕ ಡ’ ಕ್ರಮ, ಮುಂಬಯಿ ಆಳ್ವಿಕೆಯ ಕಾಲದಿಂದ ನಮ್ಮ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ನಿಂತುಹೋದ ರೂಢಿ. ಪಾಲು ಮಾರಿ, ಪಾಲು ಕೊಂಡು, ಎರಡು ತುಂಡುಗಳು ಮತ್ತೆ ಒಬ್ಬನ ಹೆಸರಿನಲ್ಲಿ ಕೂಡಿದರೆ ನಡುವೆ ಕೂಡಿಸುವ ಚಿಹ್ನೆಯನ್ನು ಹಾಕಿ 1ಅ+2ಬ ಎಂದು ಬರೆಯುವುದೂ ಉಂಟು. ನಾಲ್ವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ ಎಂಬ ಲೆಕ್ಕದಲ್ಲಿ ಆಣೆಯವರೆಗೂ ಇಳಿದ ಹಿಸ್ಸೆಗಳಿಗೆ ಹೊಲಕ್ಕಿಂತ ಹೆಸರೇ ಉದ್ದವಾಗಿರುವುದನ್ನು ನೋಡಿದರೆ ನಗು ಬಾರದಿರದು. ಆದರೂ ಈ ಉದ್ದ ಬಾಲದಲ್ಲಿ ನಿರರ್ಥಕವಾದ ಅಕ್ಷರ ಒಂದೂ ಇಲ್ಲ. ಬಲ್ಲವನು ಅದನ್ನು ಬಲದಿಂದ ಎಡಕ್ಕೆ ಓದುತ್ತ ಹೋದರೆ ಮೂರು ತಲೆಮಾರುಗಳ ಪಾಲುಪಟ್ಟಿ ಕಣ್ಣಿಗೆ ಕಟ್ಟುತ್ತದೆ.

1903ರಲ್ಲಿ ಮುಂಬಯಿ ಸರಕಾರವು ಹಕ್ಕುದಾಖಲೆಯ ಕಾಯದೆಯನ್ನು ಮಾಡಿದಂದಿನಿಂದ, ಯಾರ ಹೆಸರಿನಲ್ಲಿ ಯಾವ ಹಿಸ್ಸೆ ಎಂಬುದು ಊರ ದಫ್ತರದಲ್ಲಿ ಕ್ರಮವಾಗಿ ದಾಖಲಾಗತೊಡಗಿತು. ದಫ್ತರವಿದ್ದುದು ಕುಲಕರ್ಣಿಯ ಕೈಯಲ್ಲಿ. 1950ರ ಕಾಯದೆಯಿಂದ ಕುಲಕರ್ಣಿ ವತನ ರದ್ದಾಗಿ, ಮರುವರ್ಷ ಆ ದಫ್ತರವೆಲ್ಲ ಸಂಬಳದ ತಲಾಠಿಗಳ ವಶಕ್ಕೆ ಬಂದಿತು. ಇದರ ನಡುವೆ ಸೀಮೆಯ ಮೇಲಣ ಹೆಸರುಗಳು ಎಷ್ಟು ಸಲ ಬದಲಾದವೆಂಬುದನ್ನು ಎಣಿಸಬೇಕು. 1864ರಲ್ಲಿ ಕಲಾದಗಿ ಜಿಲ್ಲೆ; 1885ರಲ್ಲಿ ಅದರ ಮುಖ್ಯ ಠಾಣ್ಯ ಬಿಜಾಪುರಕ್ಕೆ; 1956ರಲ್ಲಿ ಮುಂಬಯಿ ಬಿಟ್ಟು ಮೈಸೂರು ರಾಜ್ಯ; 1964ರಲ್ಲಿ ಹೊಸ ಭೂಕಂದಾಯ ಕಾಯದೆ; 1973ರಲ್ಲಿ ಕರ್ನಾಟಕ; 2014ರ ನವೆಂಬರ್ 1ರಂದು ವಿಜಯಪುರ. ಪುನರ್ಮೋಜಣಿಯಾದ ಊರುಗಳಲ್ಲಿ ಅಂಕೆ ಬದಲಾದುದುಂಟು, ‘ರಿ.ಸ.ನಂ.’ ಎಂಬ ಗುರುತು ಅದರದೇ ನೆನಪು. ಅದನ್ನು ಬಿಟ್ಟರೆ ಆಳುವವರ ಬದಲಾವಣೆಯಿಂದ 45/2ಅ ಎಂಬುದಕ್ಕೆ ಏನೂ ಆಗಲಿಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಅಣೆಕಟ್ಟು ಎದ್ದು ನಿಂತ ಮೇಲೆ, ಹಿನ್ನೀರಿನಲ್ಲಿ ಮುಳುಗಿದ ಹೊಲಗಳ ಪರಿಹಾರದ ಕಾಗದಪತ್ರಗಳು ನಡೆದುದೂ ಇದೇ ಅಂಕೆಗಳ ಮೇಲೆ. ಹೊಲ ಕಣ್ಮರೆಯಾದರೂ ಹೆಸರು ಉಳಿಯಿತು. ಇದಕ್ಕೆ ಕಾರಣ ಒಂದೇ: ಆ ಬಾಲವು ಹೊಲದ ಮೇಲೆ ಕಟ್ಟಿದ್ದಾಗಿತ್ತೇ ಹೊರತು, ಅದನ್ನು ಬರೆದ ಕುಲಕರ್ಣಿಯ ಮೇಲಾಗಲಿ, ಅವನ ಬೋರಿನ ಲೆಕ್ಕಣಿಕೆಯ ಮೇಲಾಗಲಿ ಕಟ್ಟಿದ್ದಾಗಿರಲಿಲ್ಲ.

ಇನ್ನು ಎರಡನೆಯ ಬಾಲದ ವಿಚಾರ. ಗಣಕಯಂತ್ರದ ಫೈಲಿಗೆ ಒಂದು ಚುಕ್ಕೆಯನ್ನಿಟ್ಟು ಮೂರು ಅಕ್ಷರಗಳನ್ನು ಅಂಟಿಸುವ ರೂಢಿಗೆ ಯಾವ ತತ್ವವೂ ಮೂಲವಲ್ಲ, ಸ್ಥಳದ ಜಿಪುಣತನ ಮೂಲ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಪಿಡಿಪಿ-10 ಎಂಬ ಯಂತ್ರವು ಒಂದು ತುತ್ತಿಗೆ 36 ಬಿಟ್‌ಗಳನ್ನು ನುಂಗುತ್ತಿದ್ದಿತು. ಅಕ್ಷರವೊಂದಕ್ಕೆ ಆರು ಬಿಟ್‌ಗಳಂತೆ ಆರಕ್ಷರದ ಹೆಸರು ಒಂದು ಇಡಿಯ ತುತ್ತಿನಲ್ಲಿಯೂ, ಮೂರಕ್ಷರದ ಬಾಲ ಅರ್ಧ ತುತ್ತಿನಲ್ಲಿಯೂ ಅಚ್ಚುಕಟ್ಟಾಗಿ ಕೂಡುತ್ತಿದ್ದವು. 1974ರಲ್ಲಿ ಗ್ಯಾರಿ ಕಿಲ್ಡಾಲ್ ರಚಿಸಿದ ಸಿಪಿ/ಎಂ ಆ ಪದ್ಧತಿಯನ್ನು ಎತ್ತಿಕೊಂಡು ಹೆಸರಿಗೆ ಎಂಟು, ಬಾಲಕ್ಕೆ ಮೂರು ಎಂದು ಗೊತ್ತುಮಾಡಿತು. 1981ರ ಎಂಎಸ್-ಡಾಸ್ ಅದನ್ನೇ ಜಗತ್ತಿಗೆಲ್ಲ ಹಂಚಿತು. ಬೆಲ್ ಪ್ರಯೋಗಾಲಯದ ಯುನಿಕ್ಸ್ ಮಾತ್ರ ಬೇರೆ ದಾರಿ ಹಿಡಿಯಿತು. ಅದರ ದೃಷ್ಟಿಯಲ್ಲಿ ಚುಕ್ಕೆಯೂ ಇತರ ಅಕ್ಷರಗಳಂತೆ ಒಂದಕ್ಷರ, ಅಷ್ಟೇ. ಒಂದು ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಮು ಓದಿ ನಡೆಸಬೇಕೆಂಬುದನ್ನು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿಯೇ ಬರೆದಿಡುವ ಕ್ರಮವನ್ನು 1980ರಲ್ಲಿ ಡೆನಿಸ್ ರಿಚಿ ಸೇರಿಸಿದುದರಿಂದ, ಫೈಲಿನ ಹೆಸರಿನಲ್ಲಿ ಬಾಲವಿರಲಿ ಬಿಡಲಿ, ಕೆಲಸ ನಡೆಯುತ್ತಿದ್ದಿತು. ನನ್ನ ಮತದಲ್ಲಿ ಇದೇ ಹೆಚ್ಚು ವಿವೇಕದ ಮಾರ್ಗ. ಆದರೆ ವಿವೇಕದ ಮಾರ್ಗವೇ ರಾಜಮಾರ್ಗವಾಗಬೇಕೆಂಬ ನಿಯಮವಿಲ್ಲವಷ್ಟೆ.

1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲ್ ಎಂಬ ತರುಣನು ಬರೆದ ವೆಬ್ ಸರ್ವರ್, ಬರೆದಿಟ್ಟ ಪುಟಗಳನ್ನು ಬೇಡಿದವರಿಗೆ ಕೊಡುವುದಷ್ಟನ್ನೇ ಮಾಡದೆ, ಪ್ರೋಗ್ರಾಮನ್ನು ನಡೆಸಿ ಅದರ ಫಲವನ್ನೂ ಕೊಡಲು ಕಲಿತಿತು. ಆ ಒಡಂಬಡಿಕೆಗೆ ಸಿಜಿಐ ಎಂದು ಹೆಸರು. ಇಲ್ಲಿಯೇ ಬಾಲದ ಪ್ರಶ್ನೆ ತಲೆಯೆತ್ತಿತು. ಸರ್ವರ್ ಎಂಬುದು ತಹಶೀಲ ಕಚೇರಿಯ ದಫ್ತರಖಾನೆಯಲ್ಲಿರುವ ನಿರಕ್ಷರಿ ಜವಾನನಂತೆ. ಕಾಗದವನ್ನು ಓದಿ ನೋಡುವುದಿಲ್ಲ, ಅದಕ್ಕೆ ಕಟ್ಟಿದ ದಾರದ ಬಣ್ಣವನ್ನು ನೋಡಿ ಇಂಥ ಮೇಜಿಗೆ ಒಯ್ಯುತ್ತದೆ. ಒಂದು ಫೈಲನ್ನು ಇದ್ದಂತೆಯೇ ಓದುಗನಿಗೆ ಕಳುಹಿಸಬೇಕೋ, ಇಲ್ಲವೆ ಅದನ್ನು ಪ್ರೋಗ್ರಾಮೆಂದು ತಿಳಿದು ನಡೆಸಿ ಫಲವನ್ನು ಮಾತ್ರ ಕಳುಹಿಸಬೇಕೋ ಎಂಬುದನ್ನು ಅದಕ್ಕೆ ಹೇಳಿಕೊಡಲು ಎರಡು ಉಪಾಯಗಳಿದ್ದವು. ನಡೆಸತಕ್ಕ ಫೈಲುಗಳನ್ನೆಲ್ಲ ‘ಸಿಜಿಐ-ಬಿನ್’ ಎಂಬ ಒಂದೇ ಕೋಣೆಯಲ್ಲಿ ಕೂಡಿಹಾಕುವುದು ಒಂದು. ಫೈಲು ಎಲ್ಲಿಯೇ ಇರಲಿ, ಅದರ ಬಾಲವನ್ನು ನೋಡಿ ತಿಳಿದುಕೊಳ್ಳೆಂದು ಆಜ್ಞಾಪಿಸುವುದು ಇನ್ನೊಂದು.

ಈ ಎರಡನೆಯ ಉಪಾಯದಲ್ಲಿ ಒಂದು ಸ್ವಾತಂತ್ರ್ಯ ಅಡಗಿದ್ದಿತು. ಬಾಲ ಇಂಥದೇ ಆಗಿರಬೇಕೆಂದು ಎಲ್ಲಿಯೂ ವಿಧಿಯಿಲ್ಲ. 1995ರಲ್ಲಿ ಎನ್‌ಸಿಎಸ್‌ಎ ಸರ್ವರಿನ ಮೇಲೆಯೇ ಬೆಳೆದು ಬಂದ ಅಪಾಚೆ ಎಂಬ ಸರ್ವರಿನ ವ್ಯವಸ್ಥಾಕಡತದಲ್ಲಿ ‘ಆಡ್‌ಹ್ಯಾಂಡ್ಲರ್’ ಎಂಬ ಆದೇಶವನ್ನು ಬರೆದು, ಅದರ ಮುಂದೆ ನಡೆಸತಕ್ಕ ಸಾಧನದ ಹೆಸರನ್ನೂ, ಅದರ ಮುಂದೆ ಮನಸ್ಸಿಗೆ ಬಂದ ಬಾಲವನ್ನೂ ಬರೆದರೆ ಸಾಕು; ಸರ್ವರ್ ಅಂದಿನಿಂದ ಆ ಬಾಲದ ಫೈಲನ್ನೆಲ್ಲ ಸ್ಕ್ರಿಪ್ಟೆಂದು ಬಗೆಯುತ್ತದೆ. ಇಂಡಿಯ ಯಾವನಾದರೂ ಹುಡುಗನು ತನ್ನ ಸರ್ವರಿನಲ್ಲಿ ‘ಡಾಟ್ ಪಹಣಿ’ ಎಂಬ ಬಾಲವನ್ನು ಹುಟ್ಟಿಸಿ, ಅಂಥ ಫೈಲುಗಳನ್ನು ಪಿಎಚ್‌ಪಿ ಎಂಬ ಸ್ಕ್ರಿಪ್ಟ್ ಭಾಷೆಯಿಂದ ನಡೆಸುವಂತೆ ಮಾಡಿದರೆ ತಡೆಯುವವರಾರೂ ಇಲ್ಲ. ನೋಡುವವನಿಗೆ ಒಳಗಿರುವುದು ಪಿಎಚ್‌ಪಿಯೋ ಪರ್ಲೋ ಎಂಬುದರ ಸುಳಿವೂ ಹತ್ತುವುದಿಲ್ಲ. ಹೀಗೆ ಸಾಧನವನ್ನು ಮರೆಮಾಡುವ ಯುಕ್ತಿಯನ್ನು ಪಿಎಚ್‌ಪಿಯ ಕೈಪಿಡಿಯೇ ತಿಳಿಸುತ್ತದೆ, ಪಿಎಚ್‌ಪಿಯ ಫೈಲಿಗೆ ಎದುರಾಳಿಗಳ ಬಾಲವನ್ನೇ ಹಚ್ಚಬಹುದೆಂಬ ಸಲಹೆಯ ಸಹಿತವಾಗಿ. ಆದರೆ ಇದು ದುರ್ಬಲವಾದ ರಕ್ಷಣೆಯೆಂಬುದನ್ನೂ ಅದು ಮುಚ್ಚಿಡುವುದಿಲ್ಲ.

ಹಾಗೆ ಹುಟ್ಟಿದ ಬಾಲಗಳ ಸಂತೆಯನ್ನು ಏನೆಂದು ವರ್ಣಿಸೋಣ! ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಪ್ರಕಟಿಸಿದ ಪಿಎಚ್‌ಪಿಯ ಆದಿಯುಗದಲ್ಲಿ ಡಾಟ್ ಪಿಎಚ್‌ಟಿಎಂಎಲ್. 1998ರಲ್ಲಿ ಮೂರನೆಯ ಆವೃತ್ತಿ ಬಂದಾಗ ಡಾಟ್ ಪಿಎಚ್‌ಪಿ3. ಎರಡು ವರ್ಷ ಕಳೆದು ನಾಲ್ಕನೆಯದು ಬಂದಾಗ ಆ ಮೂರರ ಅಂಕೆಯನ್ನು ಹೊತ್ತ ಸಾವಿರಾರು ವಿಳಾಸಗಳು ಹಳೆಯ ಪಂಚಾಂಗದಂತಾದವು. ಮೈಕ್ರೋಸಾಫ್ಟಿನವರದು 1996ರ ಕೊನೆಯಲ್ಲಿ ಡಾಟ್ ಎಎಸ್‌ಪಿ, 2002ರಲ್ಲಿ ಅದಕ್ಕೆ ಇನ್ನೊಂದಕ್ಷರ ಬೆಳೆದು ಡಾಟ್ ಎಎಸ್‌ಪಿಎಕ್ಸ್. ಜಾವಾ ಪಂಥದವರು ಡಾಟ್ ಡೂ ಎಂದರು. 2002ರ ಆಗಸ್ಟಿನಲ್ಲಿ ರೈಲ್ವೆಯವರ ಐಆರ್‌ಸಿಟಿಸಿ ಅಂತರ್ಜಾಲದಲ್ಲಿ ಟಿಕೆಟು ಮಾರಲು ತೊಡಗಿತು. ಆ ಕಾಲದಲ್ಲಿ ಅಲ್ಲಿ ಟಿಕೆಟು ತೆಗೆದವರಿಗೆ ಅದರ ವಿಳಾಸಪಟ್ಟಿ ನೆನಪಿರಬಹುದು: ಮೊದಲು ಸಿಜಿಐ-ಬಿನ್, ಅದರ ಬೆನ್ನಿಗೆ ಬಿವಿ60 ಡಾಟ್ ಡಿಎಲ್‌ಎಲ್, ತುದಿಯಲ್ಲಿ ಲಾಗಿನ್ ಡಾಟ್ ಡೂ. ಇಂಡಿ ರೋಡಿನಲ್ಲಿಯೋ ಬಸವನ ಬಾಗೇವಾಡಿ ರೋಡಿನಲ್ಲಿಯೋ ಗಾಡಿ ಹತ್ತುವ ಪ್ರಯಾಣಿಕನಿಗೆ, ಸರ್ವರಿನ ಹೊಟ್ಟೆಯಲ್ಲಿ ಯಾವ ಕಂಪನಿಯ ಯಾವ ಆವೃತ್ತಿಯ ಸಾಧನವಿದೆ ಎಂಬ ಈ ವಂಶಾವಳಿಯಿಂದ ಆಗಬೇಕಾದುದೇನು?

ಸ್ವಂತ ಬಾಲ ಕಟ್ಟಿದವರಿಗೆ ಅದರಿಂದಲೇ ಕೇಡು ಬಂದ ಪ್ರಸಂಗಗಳೂ ಉಂಟು. ಪಿಎಚ್‌ಪಿ ಬರೆಯುವವರಲ್ಲಿ ಬಹುಮಂದಿ, ಅನೇಕ ಪುಟಗಳಿಗೆ ಸಮಾನವಾಗಿ ಬೇಕಾಗುವ ಭಾಗವನ್ನು ಪ್ರತ್ಯೇಕ ಫೈಲಿನಲ್ಲಿ ಬರೆದು, ಅದಕ್ಕೆ ‘ಡಾಟ್ ಇಂಕ್’ ಎಂಬ ಬಾಲವನ್ನು ತಮ್ಮ ತಿಳಿವಳಿಕೆಗಾಗಿ ಹಚ್ಚಿಕೊಳ್ಳುತ್ತಿದ್ದರು. ಡೇಟಾಬೇಸಿನ ಗುಪ್ತಪದ ಇರುತ್ತಿದ್ದುದು ಸಾಮಾನ್ಯವಾಗಿ ಅಲ್ಲಿಯೇ. ಆದರೆ ಆ ಬಾಲದ ಅರ್ಥವನ್ನು ಅವರು ತಮ್ಮತಮ್ಮೊಳಗೆ ಹೇಳಿಕೊಂಡಿದ್ದರೇ ಹೊರತು ಸರ್ವರಿಗೆ ಹೇಳಿರಲಿಲ್ಲ. ಯಾವನಾದರೂ ಕುತೂಹಲಿಯು ಆ ಫೈಲಿನ ಹೆಸರನ್ನು ಊಹಿಸಿ ಬೇಡಿದರೆ, ಗುರುತು ಕಾಣದ ಸರ್ವರ್ ಅದನ್ನು ಬರಿಯ ಪಠ್ಯವೆಂದು ಭಾವಿಸಿ, ಗುಪ್ತಪದಸಮೇತ, ವಿನಯದಿಂದ ಒಪ್ಪಿಸಿಬಿಡುತ್ತಿದ್ದಿತು. ಹಳೆಯ ಸರ್ವರಿನಲ್ಲಿ ಬಾಲದ ಒಡಂಬಡಿಕೆಯನ್ನು ಬರೆದಿಟ್ಟು, ಫೈಲುಗಳನ್ನು ಹೊಸ ಸರ್ವರಿಗೆ ಸಾಗಿಸುವಾಗ ಆ ಒಂದು ಸಾಲನ್ನು ಮರೆತವರಿಗೂ ಇದೇ ಗತಿ. ಮೈಕ್ರೋಸಾಫ್ಟಿನ ಸರ್ವರಿನಲ್ಲಿಯಂತೂ ಬಾಲ ಸರಿಯಾಗಿದ್ದರೂ ಮೋಸಕ್ಕೆ ಎಡೆಯಿದ್ದಿತು: 1997ರಲ್ಲಿ, ಡಾಟ್ ಎಎಸ್‌ಪಿಯ ಮುಂದೆ ಮತ್ತೊಂದು ಚುಕ್ಕೆಯನ್ನಿಟ್ಟರೆ ಸ್ಕ್ರಿಪ್ಟಿನ ಮೂಲಪಠ್ಯವೇ ಹೊರಬೀಳುತ್ತದೆಂಬುದು ಬಯಲಾಯಿತು, ಅದನ್ನು ಮುಚ್ಚಿದ ಮರುವರ್ಷ, ವಿಸರ್ಗದಂತಹ ಎರಡು ಚಿಹ್ನೆಗಳನ್ನೂ ಡಾಲರಿನ ಗುರುತನ್ನೂ ‘ಡೇಟಾ’ ಎಂಬ ಪದವನ್ನೂ ಬಾಲಕ್ಕೆ ಬಾಲವಾಗಿ ಸೇರಿಸಿದರೂ ಅದೇ ಫಲವೆಂಬುದು ಗೊತ್ತಾಯಿತು. ಫೈಲನ್ನು ತೆರೆಯುವ ಮೇಜಿನವನು ಆ ಹೆಸರನ್ನು ಒಂದು ಬಗೆಯಾಗಿಯೂ, ಬಾಲವನ್ನು ನೋಡಿ ವಿಂಗಡಿಸುವವನು ಇನ್ನೊಂದು ಬಗೆಯಾಗಿಯೂ ಓದಿದುದೇ ಇದಕ್ಕೆಲ್ಲ ಮೂಲ.

ನಮ್ಮ ಉತಾರವು ಈ ಲೋಕಕ್ಕೆ ಕಾಲಿಟ್ಟುದು ಎರಡು ಹೆಜ್ಜೆಗಳಲ್ಲಿ. 1999ರಲ್ಲಿ ಆರಂಭವಾದ ‘ಭೂಮಿ’ ಯೋಜನೆಯು, ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ಎನ್‌ಐಸಿ ಎಂಬ ಸರಕಾರಿ ಗಣಕಸಂಸ್ಥೆಯವರು ಸಿದ್ಧಗೊಳಿಸಿದ ಪ್ರೋಗ್ರಾಮಿನಿಂದ, ಮೂರೇ ವರ್ಷಗಳಲ್ಲಿ ರಾಜ್ಯದ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ನಮ್ಮ ನಾಲ್ಕು ತಾಲೂಕುಗಳೂ ಆ 177ರಲ್ಲಿ ಸೇರಿದ್ದವು. ತಹಶೀಲ ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಉತಾರ ಕೈಗೆ ಬರತೊಡಗಿತು. ತಿದ್ದುಪಡಿ ಮಾಡುವ ಅಧಿಕಾರಿಯು ಬೆರಳ ಗುರುತನ್ನು ಕೊಟ್ಟೇ ಯಂತ್ರದೊಳಕ್ಕೆ ಹೋಗಬೇಕಾಯಿತು. ಒಂದೊಂದು ತಾಲೂಕೂ ಗಣಕೀಕೃತವಾದಂತೆ ಅಲ್ಲಿಯ ಕೈಬರಹದ ಉತಾರಕ್ಕೆ ಮಾನ್ಯತೆ ಇಲ್ಲವಾಯಿತು. ತಲಾಠಿಯ ಬೆನ್ನು ಹತ್ತಿ ಊರೂರು ಅಲೆದವರಿಗೆ ಇದು ಸಣ್ಣ ಮಾತಾಗಿರಲಿಲ್ಲ. ಆಗಿನ ಪ್ರೋಗ್ರಾಮು ವಿಷುವಲ್ ಬೇಸಿಕ್ಕಿನಲ್ಲಿ ಬರೆದು ಕಚೇರಿಯ ಯಂತ್ರಗಳಲ್ಲಿಯೇ ನೆಲಸಿದ್ದುದರಿಂದ, ಅದಕ್ಕೇನು ಬಾಲವಿದ್ದಿತೆಂಬುದು ಕಿಟಕಿಯ ಹೊರಗೆ ನಿಂತ ಒಕ್ಕಲಿಗನಿಗೆ ಕಾಣುತ್ತಿರಲಿಲ್ಲ. ಅವನು ಹೇಳುತ್ತಿದ್ದುದು ತನ್ನ ಹೊಲದ ಬಾಲವನ್ನು ಮಾತ್ರ.

ಎರಡನೆಯ ಹೆಜ್ಜೆಯಲ್ಲಿ ಉತಾರ ಅಂತರ್ಜಾಲಕ್ಕೆ ಬಂದಿತು, ಡಾಟ್ ಎಎಸ್‌ಪಿಎಕ್ಸ್ ಎಂಬ ಮುದ್ರೆಯನ್ನು ಹೊತ್ತುಕೊಂಡು. ಆ ಪುಟದಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳನ್ನು ಒಂದೊಂದಾಗಿ ಆರಿಸಿ, ಸರ್ವೆ ನಂಬರನ್ನು ಬರೆದು, ಬಳಿಕ ‘ಸರ್ನಾಕ್’ ಎಂಬ ಮನೆಯನ್ನು ತುಂಬಬೇಕು; ಹೆಚ್ಚಿನ ಹೊಲಗಳಿಗೆ ಅಲ್ಲಿ ಹೇಳುವುದೇನೂ ಇರುವುದಿಲ್ಲವಾದ್ದರಿಂದ ಒಂದು ನಕ್ಷತ್ರದ ಚಿಹ್ನೆ ಆ ಸ್ಥಾನವನ್ನು ಕಾಯುತ್ತಿರುತ್ತದೆ. ಅನಂತರ ಹಿಸ್ಸೆ. ಇಂಡಿಯ ತಹಶೀಲ ಕಚೇರಿಯ ಸುತ್ತಣ ಝೆರಾಕ್ಸ್ ಅಂಗಡಿಗಳಲ್ಲಿ ನಿತ್ಯ ನಡೆಯುವ ಮಾತುಕತೆ ಸುಮಾರಾಗಿ ಹೀಗಿರುತ್ತದೆ.

“ತಮ್ಮಾ, ಒಂದ ಉತಾರ ತಗದ ಕೊಡಪಾ.”

“ಸರ್ವೆ ನಂಬರ ಹೇಳ್ರಿ ಮುತ್ಯಾ.”

“ನಾಲ್ವತ್ತೈದು.”

“ಹಿಸ್ಸಾ ಯಾವುದ್ರಿ? ಇದರಾಗ ಎಂಟ ತೋರಸ್ತಾವು.”

“ಎರಡ ಅ. ನಮ್ಮಪ್ಪಂದು ಎರಡ ಇತ್ತು, ಅಣ್ಣಗ ಬ ಹೋತು, ನನಗ ಅ ಬಂತು.”

ಮುತ್ಯಾನಿಗೆ ತನ್ನ ಹೊಲದ ಬಾಲ ಬಾಯಿಪಾಠ. ಏಕೆಂದರೆ ಅದು ಅವನ ಮನೆತನದ ಸಂಗತಿ. ಹುಡುಗನಿಗೆ ಪುಟದ ವಿಳಾಸ ಬಾಯಿಗೆ ಬಾರದು. ಗೋಡೆಗೆ ಅಂಟಿಸಿದ ಕಾಗದದಲ್ಲಿ ಬರೆದುಕೊಂಡದ್ದೋ, ಬ್ರೌಸರಿನಲ್ಲಿ ಗುರುತು ಹಾಕಿಟ್ಟದ್ದೋ ಇದ್ದರೆ ನಡೆಯಿತು. ಕಚೇರಿಯವರು ಸೇವೆಯ ಅಂಕೆಯನ್ನಾಗಲಿ ಪುಟದ ಹೆಸರನ್ನಾಗಲಿ ಬದಲಿಸಿದ ದಿನ ಆ ಗುರುತು ಸತ್ತುಹೋಗುತ್ತದೆ, ಅವನು ಮತ್ತೆ ಮುಖಪುಟದಿಂದ ಹುಡುಕಿಕೊಂಡು ಹೊರಡಬೇಕು. 2018ರ ಸುಮಾರಿಗೆ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾಗಿ ಹೊಸ ತಾಲೂಕುಗಳಾದಾಗ, ಹೊಲವಿರುವ ತಾಲೂಕಿನ ಹೆಸರು ಬೇರೆಯಾಯಿತು; 45/2ಅ ಎಂಬುದು ಹಾಗೆಯೇ ಉಳಿಯಿತು.

ವೆಬ್ಬಿನ ಜನಕನಾದ ಟಿಮ್ ಬರ್ನರ್ಸ್-ಲೀ 1998ರಲ್ಲಿಯೇ ಈ ವಿಷಯದಲ್ಲಿ ಎಚ್ಚರಿಕೆ ಹೇಳಿದ್ದನು: ವಿಳಾಸ ಬಾಳಬೇಕೆಂದಿದ್ದರೆ, ಬದಲಾಗತಕ್ಕ ಸಾಧನದ ಹೆಸರನ್ನು ಅದರಲ್ಲಿ ಸೇರಿಸಬಾರದು, ಬಾಲವನ್ನೇ ಬಿಡುವುದು ಲೇಸು. ಅಪಾಚೆಯ ಜೊತೆಗೆ ಬರುವ ‘ಮಾಡ್ ರೀರೈಟ್’ ಎಂಬ ಉಪಾಂಗವನ್ನು ರಾಲ್ಫ್ ಎಂಗೆಲ್‌ಶಾಲ್ 1996ರಲ್ಲಿಯೇ ಬರೆದುದರಿಂದ ಅದಕ್ಕೆ ಸಾಧನವೂ ಒದಗಿದ್ದಿತು. ಓದುಗನು ಬೇಡುವ ವಿಳಾಸ ಒಂದು, ಒಳಗೆ ನಡೆಯುವ ಸ್ಕ್ರಿಪ್ಟಿನ ಹೆಸರು ಇನ್ನೊಂದು. ಎರಡನ್ನೂ ಕೂಡಿಸುವ ನಿಯಮವನ್ನು ಸರ್ವರಿನಲ್ಲಿ ಬರೆದಿಟ್ಟರೆ, ಇಂದು ಎಎಸ್‌ಪಿಎಕ್ಸ್, ನಾಳೆ ಮತ್ತೊಂದು, ಹೊರಗಿನವನಿಗೆ ಗೊತ್ತಾಗುವುದೇ ಇಲ್ಲ. ಸ್ವಂತ ಬಾಲ ಕಟ್ಟುವ ಪದ್ಧತಿಯಲ್ಲಿ ಇದ್ದ ಒಳ್ಳೆಯ ಅಂಶವಾದರೂ ಇದೇ ಆಗಿದ್ದಿತು. ಡಾಟ್ ಪಹಣಿ ಎಂದು ಬರೆದ ಹುಡುಗನು ಡಾಟ್ ಪಿಎಚ್‌ಪಿ3 ಎಂದು ಬರೆದವನಿಗಿಂತ ಜಾಣನೇ. ಏಕೆಂದರೆ ಅವನ ಬಾಲವು ವಸ್ತುವನ್ನು ಹೇಳುತ್ತದೆ, ಉಪಕರಣವನ್ನಲ್ಲ. ಅವನು ಮಾಡಬೇಕಾದುದು ಇಷ್ಟೆ: ಆ ಬಾಲದ ಅರ್ಥವನ್ನು ಸರ್ವರಿನ ವ್ಯವಸ್ಥಾಕಡತದಲ್ಲಿ ಬರೆದು, ಸರ್ವರ್ ಬದಲಾದಾಗ ಆ ಸಾಲನ್ನೂ ಜೊತೆಗೆ ಒಯ್ಯಬೇಕು.

ಉತಾರದ ಮಟ್ಟಿಗಂತೂ ಆ ಶ್ರಮವೂ ಬೇಡ. ವೆಬ್ ವಿಳಾಸದಲ್ಲಿ ದೊಡ್ಡದರೊಳಗಣ ಚಿಕ್ಕದನ್ನು ಬೇರ್ಪಡಿಸುವ ಚಿಹ್ನೆ ಓರೆಗೆರೆ. ವಿಂಗೇಟನ ಕಾಲದಿಂದ ಬೆಳೆದು ಬಂದ ಅಂಕೆಯಲ್ಲಿಯೂ ಹಿಸ್ಸೆಯನ್ನು ಬೇರ್ಪಡಿಸುವುದು ಅದೇ ಓರೆಗೆರೆ. ಜಿಲ್ಲೆ, ಓರೆಗೆರೆ, ಊರು, ಓರೆಗೆರೆ, 45/2ಅ ಎಂದು ಬರೆದರೆ ಅದೇ ವಿಳಾಸ. ತಾಲೂಕನ್ನು ನಡುವೆ ತರದಿದ್ದರೆ ಇನ್ನೂ ಕ್ಷೇಮ, ಏಕೆಂದರೆ ಒಡೆಯುವ ಅಭ್ಯಾಸ ಹೊಲಕ್ಕೆ ಮಾತ್ರವಲ್ಲ, ತಾಲೂಕಿಗೂ ಇದೆ. ಒಂದೇ ಹೆಸರಿನ ಎರಡು ಊರುಗಳು ಜಿಲ್ಲೆಯಲ್ಲಿದ್ದರೆ ತೊಡಕಾದೀತೆಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೂ ನಮ್ಮ ಸೀಮೆಯಲ್ಲಿ ಹಳೆಯ ಪರಿಹಾರವಿದೆ: ಊರ ಹೆಸರಿನ ಮುಂದೆ ‘ಬಿ.ಕೆ.’ ಇಲ್ಲವೆ ‘ಕೆ.ಡಿ.’ ಎಂದು, ಅಂದರೆ ಬುದ್ರುಕ ಮತ್ತು ಖುರ್ದ ಎಂದು, ಕಂದಾಯ ಇಲಾಖೆಯವರು ಎಂದೋ ಬಾಲ ಹಚ್ಚಿಟ್ಟಿದ್ದಾರೆ.